ಕ್ಲಬ್, ಡೈಮಂಡ್ ಎತ್ತುವುದು ಹೇಗೆ: ಬ್ರಿಜ್‌ನ ಇನ್ವರ್ಟೆಡ್ ಮೈನರ್ಸ್ ಹಂತ ಹಂತವಾಗಿ

ಆ ಸಂಜೆ ಕೈಗೆ ಬಂದ ಎಲೆಗಳು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ. ಕ್ಲಬ್ಬಿನಲ್ಲಿ ವಾರದ ಡುಪ್ಲಿಕೇಟ್ ಆಟ, ಅಂದರೆ ಎಲ್ಲ ಮೇಜಿನವರೂ ಅವೇ ಎಲೆಗಳನ್ನು ಆಡುವುದು. ಎದುರಿಗೆ ಕೂತ ಪಾರ್ಟ್ನರ್ ನಿವೃತ್ತ ಮೇಷ್ಟ್ರು. ನನ್ನ ಕೈ ಹೀಗಿತ್ತು:

♠ ರಾಜ ಗುಲಾಮ 4
♥ ಎಕ್ಕ 10 5
♦ ರಾಜ 8 7 3
♣ ಗುಲಾಮ 6 2

ಹನ್ನೆರಡು ಪಾಯಿಂಟ್. 1 ಡೈಮಂಡ್ ಎಂದೆ. ಮೇಷ್ಟ್ರು 2 ಡೈಮಂಡ್ ಕಾರ್ಡ್ ಇಟ್ಟರು. ನಾನು ಬಿಡ್ಡಿಂಗ್ ಬಾಕ್ಸಿನಿಂದ ಹಸಿರು ಪಾಸ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಹಿಂದಿನ ವಾರವಷ್ಟೇ "ಇನ್ನು ಮೇಲೆ ಇನ್ವರ್ಟೆಡ್ ಆಡೋಣ" ಎಂದು ಇಬ್ಬರೂ ಒಪ್ಪಿದ್ದೆವು. ಕೈ ಮಾತ್ರ ಹಳೆಯ ಅಭ್ಯಾಸದಂತೆ ಪಾಸ್ ಕಡೆಗೇ ಹೋಯಿತು. ಲೀಡ್ ಬಿದ್ದ ಮೇಲೆ ಮೇಷ್ಟ್ರು ಡಮ್ಮಿ ಹರಡಿದರು:

♠ 7 3
♥ ರಾಜ 6
♦ ಎಕ್ಕ ರಾಣಿ 10 5 2
♣ ಎಕ್ಕ 9 8 4

ಹತ್ತು ಟ್ರಿಕ್ ಬಂತು, 130 ಬರೆದುಕೊಂಡೆವು. ಅದೇ ಎಲೆಗಳಲ್ಲಿ ಉಳಿದ ಮೇಜಿನವರೆಲ್ಲ 3 ನೋಟ್ರಂಪ್ ಆಡಿ 400 ತೆಗೆದುಕೊಂಡಿದ್ದರು. ಮೇಷ್ಟ್ರು ದನಿ ಏರಿಸಲಿಲ್ಲ. "ನನ್ನ ಮಾತು ಮುಗಿಯೋಕೆ ಮುಂಚೆಯೇ ನೀನು ಎದ್ದು ಹೋದೆಯಲ್ಲ ಮಾರಾಯ" ಎಂದರು, ಅಷ್ಟೇ. ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಇನ್ವರ್ಟೆಡ್ ಮೈನರ್ಸ್ ಎಂದರೆ ಪಾರ್ಟ್ನರ್ ತೆರೆದ ಮೈನರ್ ಅನ್ನು (ಕ್ಲಬ್ ಅಥವಾ ಡೈಮಂಡ್) 2ಕ್ಕೆ ಮತ್ತು 3ಕ್ಕೆ ಎತ್ತುವುದರ ಅರ್ಥ ಅದಲುಬದಲು ಮಾಡಿಕೊಳ್ಳುವುದು ಎಂದೇ ಹೆಚ್ಚಿನವರು ಕಲಿಯುತ್ತಾರೆ. ನಿಜವಾದ ಕೆಲಸ ಇರುವುದು ಆ 2ರ ನಂತರದ ಮಾತುಕತೆಯಲ್ಲಿ. ಅದನ್ನು ಇಬ್ಬರೂ ಕೂತು ಮಾತಾಡಿಕೊಳ್ಳದಿದ್ದರೆ ಈ ಒಪ್ಪಂದ ಆಡದಿರುವುದೇ ವಾಸಿ.

ಈ ಬರಹ ಬ್ರಿಜ್‌ನ ಮೂಲ ಬಿಡ್ಡಿಂಗ್ ಗೊತ್ತಿದ್ದು, ಐದೆಲೆ ಮೇಜರ್ (ಹಾರ್ಟ್ಸ್, ಸ್ಪೇಡ್ಸ್) ಮತ್ತು 15–17ರ 1 ನೋಟ್ರಂಪ್ ಆಡುತ್ತಿರುವವರಿಗೆ. ಎಲೆಗಳಿಗೆ ನಾವು ಮನೆಯಲ್ಲಿ ಹೇಳುವ ಎಕ್ಕ, ರಾಜ, ರಾಣಿ, ಗುಲಾಮ ಎಂಬ ಹೆಸರುಗಳನ್ನೇ ಬಳಸಿದ್ದೇನೆ. ಪಾಯಿಂಟ್ ಕ್ರಮವಾಗಿ 4, 3, 2, 1. ಕಳಾವರ್, ಆಟಿನ್ ಎಂದು ಬರೆಯುವ ಆಸೆಯಿತ್ತು. ಆದರೆ ಬ್ರಿಜ್ ಮೇಜಿನಲ್ಲಿ ನಮ್ಮವರೂ "ಒನ್ ಕ್ಲಬ್", "ಟೂ ಹಾರ್ಟ್ಸ್" ಎಂದೇ ಹೇಳುವುದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ.

ಮೊದಲು ಲೆಕ್ಕ: ಮೈನರ್‌ಗೆ ಯಾಕೆ ಬೇರೆ ದಾರಿ

ಗೇಮ್ ಆಗಬೇಕಾದರೆ 100 ಪಾಯಿಂಟಿನ ಕಾಂಟ್ರಾಕ್ಟ್ ಬೇಕು. ಕ್ಲಬ್, ಡೈಮಂಡ್‌ಗೆ ಟ್ರಿಕ್ಕಿಗೆ 20. ಹಾರ್ಟ್ಸ್, ಸ್ಪೇಡ್ಸ್‌ಗೆ 30. ನೋಟ್ರಂಪಿಗೆ ಮೊದಲ ಟ್ರಿಕ್ 40, ಆಮೇಲಿನವು 30. ಹಾಗಾಗಿ ಮೇಜರ್‌ನಲ್ಲಿ ಹತ್ತು ಟ್ರಿಕ್ಕಿಗೆ ಗೇಮ್, ನೋಟ್ರಂಪಿನಲ್ಲಿ ಒಂಬತ್ತಕ್ಕೆ. ಮೈನರ್‌ನಲ್ಲಿ ಮಾತ್ರ ಹನ್ನೊಂದು ಬೇಕು. 3 ನೋಟ್ರಂಪಿಗೆ ಇಬ್ಬರಲ್ಲೂ ಸೇರಿ 25–26 ಪಾಯಿಂಟ್ ಇದ್ದರೆ ಸಾಕು ಎನ್ನುತ್ತೇವೆ. 5 ಕ್ಲಬ್ ಅಥವಾ 5 ಡೈಮಂಡ್‌ಗೆ 28–29 ಬೇಕು.

ಇದರಿಂದಾಗಿ ಮೈನರ್ ಫಿಟ್ ಸಿಕ್ಕಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಎಷ್ಟು ಎತ್ತೋಣ" ಅಲ್ಲ, "ನೋಟ್ರಂಪ್ ಆಡಬಹುದೇ" ಎಂಬುದು. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಯಾವ ಬಣ್ಣದಲ್ಲಿ ತಡೆ (ಸ್ಟಾಪರ್) ಇದೆ, ಯಾವುದರಲ್ಲಿ ಇಲ್ಲ ಎಂದು ಇಬ್ಬರೂ ಹೇಳಿಕೊಳ್ಳಬೇಕು. ಅದಕ್ಕೆ ಜಾಗ ಬೇಕು. ಹಳೆಯ ಪದ್ಧತಿಯಲ್ಲಿ 1 ಕ್ಲಬ್‌ಗೆ 2 ಕ್ಲಬ್ ಎಂದರೆ 6–9 ಪಾಯಿಂಟಿನ ಬಡ ಕೈ, 3 ಕ್ಲಬ್ ಎಂದರೆ 10–12ರ ಒಳ್ಳೆಯ ಕೈ. ಮಾತಾಡಬೇಕಾದ ಕೈ ಹೀಗೆ ಒಂದೇ ನೆಗೆತಕ್ಕೆ 3ರ ಮಟ್ಟಕ್ಕೆ ಏರಿ ಜಾಗ ಕಳೆದುಕೊಳ್ಳುತ್ತದೆ. ಮಾತಾಡಲು ಏನೂ ಇಲ್ಲದ ಕೈ 2ರಲ್ಲೇ ಕೂತು ಎದುರಾಳಿಗಳಿಗೆ ಬಾಗಿಲು ತೆರೆದಿಡುತ್ತದೆ.

ಇದನ್ನು ತಿರುಗಿಸಿ ಹಾಕಿದವರು ಅಮೆರಿಕದ ಎಡ್ಗರ್ ಕ್ಯಾಪ್ಲನ್ ಮತ್ತು ಆಲ್ಫ್ರೆಡ್ ಶೈನ್‌ವೋಲ್ಡ್. 1950ರ ದಶಕದಲ್ಲಿ ಅವರಿಬ್ಬರೂ ಕಟ್ಟಿದ ಕ್ಯಾಪ್ಲನ್–ಶೈನ್‌ವೋಲ್ಡ್ ಪದ್ಧತಿಯ ಭಾಗವಾಗಿ ಇದು ಬಂತು. ಆ ಪದ್ಧತಿಯಲ್ಲಿ 1 ನೋಟ್ರಂಪ್ ಎಂದರೆ 12–14. ಅಂದರೆ ಅಲ್ಲಿ 1 ಕ್ಲಬ್ ಅಥವಾ 1 ಡೈಮಂಡ್ ತೆರೆದವರ ಕೈಯಲ್ಲಿ ಒಂದೋ ನಿಜವಾದ ಉದ್ದ ಬಣ್ಣ ಇರುತ್ತಿತ್ತು, ಇಲ್ಲವೇ 15 ಅಥವಾ ಹೆಚ್ಚು ಪಾಯಿಂಟ್. ಪಾರ್ಟ್ನರ್ ಬಡ ಕೈಯಿಂದ 3ಕ್ಕೆ ನೆಗೆದರೂ ಕಾಲೂರಲು ನೆಲ ಇರುತ್ತಿತ್ತು. ನಾವು 15–17 ಆಡುವವರು 12 ಪಾಯಿಂಟ್, ಮೂರೇ ಕ್ಲಬ್ ಇದ್ದರೂ 1 ಕ್ಲಬ್ ಎನ್ನುತ್ತೇವೆ. ನೆಗೆಯುವಾಗ ನಾವು ಅವರಿಗಿಂತ ಸ್ವಲ್ಪ ಹೆಚ್ಚು ಎಚ್ಚರವಾಗಿರಬೇಕಾದುದು ಇದಕ್ಕೇ.

ಹಂತ 1: ತೆರೆದವರ ಬಣ್ಣ ಎಷ್ಟು ಉದ್ದ?

ಎತ್ತುವ ಮೊದಲು ಪಾರ್ಟ್ನರ್ ಹೇಳಿದ್ದೇನು ಎಂದು ನೋಡಿ. ಎರಡೂ ಮೈನರ್ ಮೂರು ಮೂರಿದ್ದರೆ ಸಾಮಾನ್ಯವಾಗಿ 1 ಕ್ಲಬ್ ತೆರೆಯುತ್ತೇವೆ, ನಾಲ್ಕು ನಾಲ್ಕಿದ್ದರೆ 1 ಡೈಮಂಡ್. ಹೀಗಾಗಿ 1 ಡೈಮಂಡ್ ಬಹುತೇಕ ನಾಲ್ಕೆಲೆ. ನಾಲ್ಕು ಸ್ಪೇಡ್, ನಾಲ್ಕು ಹಾರ್ಟ್ಸ್, ಮೂರು ಡೈಮಂಡ್, ಎರಡು ಕ್ಲಬ್ ಇರುವ ಒಂದೇ ಒಂದು ಆಕಾರದಲ್ಲಿ ಮಾತ್ರ ಅದು ಮೂರು. 1 ಕ್ಲಬ್ ಮೂರೆಲೆಯಾಗಿರುವುದು ಇದಕ್ಕಿಂತ ಎಷ್ಟೋ ಹೆಚ್ಚು.

ಅದಕ್ಕೇ ನನ್ನ ಅಳತೆ ಹೀಗೆ: ಡೈಮಂಡ್ ಎತ್ತಲು ನಾಲ್ಕೆಲೆ ಸಾಕು, ಐದಿದ್ದರೆ ಸಂತೋಷ. ಕ್ಲಬ್ ಎತ್ತಲು ಐದು ಬೇಕೇ ಬೇಕು.

ಹಂತ 2: ಬಲದ ಎತ್ತುವಿಕೆ, 1ರಿಂದ 2ಕ್ಕೆ

1 ಕ್ಲಬ್‌ಗೆ 2 ಕ್ಲಬ್, 1 ಡೈಮಂಡ್‌ಗೆ 2 ಡೈಮಂಡ್ ಹೇಳಲು ಮೂರು ಶರತ್ತು. 10 ಅಥವಾ ಹೆಚ್ಚು ಪಾಯಿಂಟ್ ಇರಬೇಕು, ಮೇಲೆ ಹೇಳಿದಷ್ಟು ಉದ್ದ ಇರಬೇಕು, ಕೈಯಲ್ಲಿ ನಾಲ್ಕೆಲೆಯ ಮೇಜರ್ ಇರಬಾರದು. ಪಾಯಿಂಟಿಗೆ ಮೇಲ್ಮಿತಿ ಇಲ್ಲ. 18 ಇದ್ದರೂ ಇಲ್ಲಿಂದಲೇ ಶುರು.

ಮೂರನೆಯ ಶರತ್ತನ್ನು ಹೊಸಬರು ಮರೆಯುತ್ತಾರೆ. ಪಾರ್ಟ್ನರ್ 1 ಡೈಮಂಡ್ ತೆರೆದಾಗ ನಿಮ್ಮಲ್ಲಿ ಇದಿದೆ ಎನ್ನಿ:

♠ ಎಕ್ಕ ಗುಲಾಮ 8 4
♥ 7
♦ ರಾಜ ರಾಣಿ 9 5 2
♣ 10 6 3

ಡೈಮಂಡ್ ಎಷ್ಟೇ ಚೆನ್ನಾಗಿದ್ದರೂ ಉತ್ತರ 1 ಸ್ಪೇಡ್. ಹತ್ತು ಟ್ರಿಕ್ಕಿಗೆ ಗೇಮ್ ಕೊಡುವ ಬಣ್ಣವನ್ನು ಮೊದಲು ಹುಡುಕಬೇಕು. ಡೈಮಂಡ್ ಎಲ್ಲಿಗೂ ಓಡಿಹೋಗುವುದಿಲ್ಲ.

ಈ 2 ಫೋರ್ಸಿಂಗ್. ತೆರೆದವರು ಪಾಸ್ ಹೇಳುವಂತಿಲ್ಲ. ಅಷ್ಟೇ ಅಲ್ಲ, 2 ನೋಟ್ರಂಪ್ ಅಥವಾ 3ರ ಮಟ್ಟದಲ್ಲಿ ಅದೇ ಮೈನರ್ ಬರುವ ತನಕ ಇಬ್ಬರಲ್ಲಿ ಯಾರೂ ಪಾಸ್ ಹೇಳುವಂತಿಲ್ಲ. ನಾನು ತಪ್ಪಿದ್ದು ಇಲ್ಲೇ. ಹೊಸದಾಗಿ ಶುರು ಮಾಡುವ ಜೋಡಿ ಈ ಸಾಲನ್ನು ಕನ್ವೆನ್ಷನ್ ಕಾರ್ಡಿನಲ್ಲಿ ಬರೆದಿಟ್ಟುಕೊಂಡು, ಆಟಕ್ಕೆ ಕೂರುವ ಮುಂಚೆ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಲಿ.

ಹಂತ 3: ಬಡ ಕೈಯ ನೆಗೆತ, 1ರಿಂದ 3ಕ್ಕೆ

♠ 6
♥ 9 4 3
♦ ರಾಜ ಗುಲಾಮ 9 7 5
♣ 10 8 6 2

ಪಾರ್ಟ್ನರ್ 1 ಡೈಮಂಡ್ ಎಂದರು, ಬಲಗಡೆಯವರು ಪಾಸ್. ನಿಮ್ಮಲ್ಲಿರುವುದು ನಾಲ್ಕೇ ಪಾಯಿಂಟ್. ಇಲ್ಲಿ 3 ಡೈಮಂಡ್. ಸ್ಪೇಡ್ ಎದುರಾಳಿಗಳ ಕೈಯಲ್ಲಿದೆ ಎಂಬುದು ಹೆಚ್ಚು ಕಡಿಮೆ ಖಚಿತ. ನೀವು ಪಾಸ್ ಹೇಳಿದರೆ ಎಡಗಡೆಯವರು 1 ಸ್ಪೇಡ್ ಎನ್ನುತ್ತಾರೆ, ಇನ್ನೊಬ್ಬರು ನಿಧಾನವಾಗಿ ಎತ್ತುತ್ತಾರೆ, ತಮಗೆ ಗೇಮ್ ಇದೆಯೇ ಇಲ್ಲವೇ ಎಂದು ಹಾಯಾಗಿ ಅಳೆದುಕೊಳ್ಳುತ್ತಾರೆ. 3 ಡೈಮಂಡ್ ಇಟ್ಟರೆ ಅವರು ಮೊದಲ ಮಾತನ್ನೇ 3 ಸ್ಪೇಡ್‌ನಿಂದ ಆಡಬೇಕು. ಅಳೆಯಲು ಜಾಗವಿಲ್ಲ, ಊಹೆ ಮಾತ್ರ.

ಇದಕ್ಕೆ ಬೇಕಾದ್ದು ಐದೆಲೆ ಬೆಂಬಲ, ಒಂದು ಕಡೆ ಸಿಂಗಲ್‌ಟನ್ (ಒಂದೇ ಎಲೆ) ಅಥವಾ ಎರಡೆಲೆ, ಮೇಜರ್‌ಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲದಿರುವುದು. ಪಾಯಿಂಟ್ ಸುಮಾರು 3ರಿಂದ 7.

ವಲ್ನರಬಿಲಿಟಿ (ಟ್ರಿಕ್ ಕಡಿಮೆಯಾದರೆ ಹೆಚ್ಚು ದಂಡ ತೆರಬೇಕಾದ ಸ್ಥಿತಿ) ನೋಡದೆ ನೆಗೆಯಬೇಡಿ. ಡಬಲ್ ಬಿದ್ದು ಎರಡು ಟ್ರಿಕ್ ಕಡಿಮೆಯಾದರೆ ವಲ್ನರಬಲ್ ಅಲ್ಲದಾಗ 300, ಆಗಿದ್ದಾಗ 500. ಮೂರು ಕಡಿಮೆಯಾದರೆ 500 ಮತ್ತು 800. ನಾವು ವಲ್ನರಬಲ್, ಅವರು ಅಲ್ಲ ಎಂಬ ಸ್ಥಿತಿಯಲ್ಲಿ, 1 ಕ್ಲಬ್ ಮೂರೆಲೆಯೂ ಆಗಿರಬಹುದು ಎಂದಾದರೆ, ನಾನು ಆರು ಕ್ಲಬ್ ಇಲ್ಲದೆ 3 ಕ್ಲಬ್ ಇಡುವುದಿಲ್ಲ.

ತೆರೆದವರಿಗೂ ಒಂದು ಮಾತು. ಪಾರ್ಟ್ನರ್ ಹೀಗೆ ನೆಗೆದರೆ 14–15 ಪಾಯಿಂಟಿನ ಸುಂದರ ಕೈ ಹಿಡಿದು ಆಸೆಪಡಬೇಡಿ. ಪಾಸ್ ಹೇಳಿ. 18–19 ಇದ್ದು ಎಲ್ಲ ಕಡೆ ಸ್ಟಾಪರ್ ಇದ್ದರೆ 3 ನೋಟ್ರಂಪ್ ಯೋಚಿಸಬಹುದು.

ಹಂತ 4: ನಡುವೆ ಸಿಕ್ಕಿಕೊಳ್ಳುವ ಕೈ

ಅರ್ಥ ಅದಲುಬದಲಾದಾಗ 7–9 ಪಾಯಿಂಟಿನ ಸಾಧಾರಣ ಎತ್ತುವಿಕೆಗೆ ಮನೆ ಇಲ್ಲದಂತಾಗುತ್ತದೆ. ಈ ಒಪ್ಪಂದಕ್ಕೆ ನಾವು ತೆರುವ ಬೆಲೆ ಅದು. ಕೈ ಸಮತಟ್ಟಾಗಿದ್ದರೆ ಉಪಾಯ ಸುಲಭ:

♠ ರಾಜ 5
♥ 8 6 2
♦ ರಾಣಿ 7 3
♣ ರಾಜ 9 6 4 2

1 ಕ್ಲಬ್‌ಗೆ ಇದರಲ್ಲಿ 1 ನೋಟ್ರಂಪ್ ಹೇಳಿ. ಕ್ಲಬ್ ಬೆಂಬಲ ಬಚ್ಚಿಟ್ಟ ಹಾಗಾಯಿತಲ್ಲ ಎಂದು ಅನ್ನಿಸಿದರೂ, ಅದೇ ಒಳ್ಳೆಯ ಕಾಂಟ್ರಾಕ್ಟ್ ಆಗುವುದು ಹೆಚ್ಚು. ಸಿಂಗಲ್‌ಟನ್ ಇದ್ದಾಗ ಮಾತು ಬೇರೆ:

♠ 5
♥ 8 6 2
♦ ರಾಜ 7 3
♣ ರಾಜ ರಾಣಿ 9 6 4 2

ಎಂಟು ಪಾಯಿಂಟ್, ಆರು ಕ್ಲಬ್. ನೋಟ್ರಂಪ್ ಹೇಳಲು ಮನಸ್ಸು ಬಾರದು, 2 ಕ್ಲಬ್‌ಗೆ ಬಲ ಸಾಲದು. ನಾನು 3 ಕ್ಲಬ್ ಇಡುತ್ತೇನೆ. ನೆಗೆತದ ಮಟ್ಟಿಗೆ ಇದು ಬಲವಾದ ಕೈಯೇ. ಪಾರ್ಟ್ನರ್ ಪಾಸ್ ಹೇಳಿ ಎಲ್ಲೋ ಒಮ್ಮೆ ಗೇಮ್ ತಪ್ಪಬಹುದು. ಅದರ ಎರಡರಷ್ಟು ಸಲ ಎದುರಾಳಿಗಳ ಸ್ಪೇಡ್ ಫಿಟ್ ಮುಚ್ಚಿಹೋಗುತ್ತದೆ ಎಂಬುದು ನನ್ನ ಅನುಭವ.

ಹಂತ 5: ತೆರೆದವರ ಎರಡನೆಯ ಮಾತು

ಇಲ್ಲಿ ನಿಧಾನವಾಗಿ ಓದಿ. 1 ಮೈನರ್, 2 ಮೈನರ್ ಆದ ಮೇಲೆ ತೆರೆದವರು ಏನು ಹೇಳಿದರೆ ಏನರ್ಥ ಎಂಬುದರಲ್ಲಿ ಬೇರೆ ಬೇರೆ ಜೋಡಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ನಾನೂ ಮೇಷ್ಟ್ರೂ ಆಡುವುದನ್ನು ಹೇಳುತ್ತೇನೆ. ಹೆಚ್ಚಿನ ಕಡೆ ಇದೇ ಅಥವಾ ಇದರ ಹತ್ತಿರದ್ದೇ ಸಿಗುತ್ತದೆ.

2 ನೋಟ್ರಂಪ್: 12–14 ಪಾಯಿಂಟ್, ಸಮತಟ್ಟು ಕೈ, ಎರಡೂ ಮೇಜರ್‌ಗಳಲ್ಲಿ ಸ್ಟಾಪರ್. ಪಾರ್ಟ್ನರ್ ಪಾಸ್ ಹೇಳಬಹುದು. ಮೊದಲು ಹೇಳಿದ ನನ್ನ ಕೈಗೆ ಹೇಳಬೇಕಾಗಿದ್ದ ಮಾತು ಇದೇ. ಮೇಷ್ಟ್ರ 13ಕ್ಕೆ ನನ್ನ 12 ಸೇರಿ 25, ಅವರು ಸೀದಾ 3 ನೋಟ್ರಂಪ್ ಎನ್ನುತ್ತಿದ್ದರು. ಆಡುವವನೂ ನಾನೇ ಆಗುತ್ತಿದ್ದೆ. ಸ್ಪೇಡ್ ಲೀಡ್ ನನ್ನ ರಾಜ–ಗುಲಾಮನ ಕಡೆಗೇ ಬಂದಿದ್ದರೆ ಅಲ್ಲೊಂದು ಟ್ರಿಕ್ ಖಚಿತ. ಡೈಮಂಡ್ ಐದು, ಹಾರ್ಟ್ಸ್ ಎರಡು, ಕ್ಲಬ್ ಎಕ್ಕ ಸೇರಿ ಒಂಬತ್ತು.

3ರ ಮಟ್ಟದಲ್ಲಿ ಅದೇ ಮೈನರ್: ಕನಿಷ್ಠ ಕೈ, ನೋಟ್ರಂಪಿನ ಕಡೆ ಮುಖವಿಲ್ಲ. ಇದಕ್ಕೂ ಪಾಸ್ ಹೇಳಬಹುದು.

2ರ ಮಟ್ಟದಲ್ಲಿ ಹೊಸ ಬಣ್ಣ: ಆ ಬಣ್ಣದಲ್ಲಿ ಸ್ಟಾಪರ್ ಇದೆ ಎಂದಷ್ಟೇ. ನಾಲ್ಕೆಲೆ ಇರಬೇಕಾಗಿಲ್ಲ, ಹೆಚ್ಚು ಬಲವೂ ಬೇಕಾಗಿಲ್ಲ. ಕೆಳಗಿನಿಂದ ಮೇಲಕ್ಕೆ ಹೇಳುತ್ತಾ ಹೋಗುವುದು, ಬಿಟ್ಟ ಬಣ್ಣದಲ್ಲಿ ಸ್ಟಾಪರ್ ಇಲ್ಲ ಎಂದರ್ಥ. 1 ಕ್ಲಬ್, 2 ಕ್ಲಬ್ ಆದ ಮೇಲೆ ತೆರೆದವರು 2 ಸ್ಪೇಡ್ ಎಂದರೆ ಡೈಮಂಡ್, ಹಾರ್ಟ್ಸ್ ಎರಡನ್ನೂ ಬಿಟ್ಟು ಬಂದಿದ್ದಾರೆ. ಅವರು ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದನ್ನು ಹೆಚ್ಚು ಗಮನಿಸಿ.

3 ನೋಟ್ರಂಪ್: 18–19, ಸಮತಟ್ಟು, ಸ್ಟಾಪರ್‌ಗಳು ಇವೆ.

ನೆಗೆದು ಹೊಸ ಬಣ್ಣ: ಸ್ಪ್ಲಿಂಟರ್. ಆ ಬಣ್ಣದಲ್ಲಿ ಒಂದೇ ಎಲೆ ಅಥವಾ ಏನೂ ಇಲ್ಲ, 15ಕ್ಕೆ ಕಡಿಮೆಯಿಲ್ಲದ ಬಲ, ಬಣ್ಣ ನಿಜವಾಗಿ ಉದ್ದ.

ಸ್ಟಾಪರ್ ಹೇಳಿಕೊಳ್ಳುವುದು ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಈ ಜೋಡಿ ಕೈಗಳಲ್ಲಿ ನೋಡಿ. ತೆರೆದವರು:

♠ ಎಕ್ಕ ರಾಣಿ 5
♥ 8 4
♦ ರಾಜ 6 3
♣ ಎಕ್ಕ ಗುಲಾಮ 7 4 2

ಉತ್ತರಿಸುವವರು:

♠ ರಾಜ 8
♥ 9 7 3
♦ ಎಕ್ಕ ರಾಣಿ 5
♣ ರಾಜ ರಾಣಿ 9 6 3

ಇಬ್ಬರಲ್ಲೂ 14, ಒಟ್ಟು 28. ಎಲೆ ನೋಡದೆ ಪಾಯಿಂಟ್ ಮಾತ್ರ ಎಣಿಸಿದರೆ ಯಾರೂ 3 ನೋಟ್ರಂಪ್ ಎಂದೇಬಿಡುತ್ತಾರೆ. ಆದರೆ ಹಾರ್ಟ್ಸ್ ನೋಡಿ: ಎಂಟೆಲೆ ಎದುರಾಳಿಗಳಲ್ಲಿ, ಎಕ್ಕದಿಂದ ಹತ್ತರವರೆಗೆ ಎಲ್ಲವೂ ಅವರಲ್ಲೇ. ಅವು ನಾಲ್ಕು–ನಾಲ್ಕಾಗಿ ಹಂಚಿದ್ದರೆ ಮಾತ್ರ 3 ನೋಟ್ರಂಪ್ ಉಳಿಯುತ್ತದೆ. ಐದು–ಮೂರು ಇದ್ದು ಹಾರ್ಟ್ಸ್ ಲೀಡ್ ಬಂದರೆ ಕಣ್ಣ ಮುಂದೆಯೇ ಐದು ಟ್ರಿಕ್ ಹೋಗುತ್ತದೆ. ಐದು–ಮೂರರ ಸಂಭವ ನಾಲ್ಕು–ನಾಲ್ಕಕ್ಕಿಂತ ಹೆಚ್ಚು. 5 ಕ್ಲಬ್ ಆಡಿದರೆ ಹೋಗುವುದು ಎರಡೇ ಹಾರ್ಟ್ಸ್. ಉಳಿದ ಹನ್ನೊಂದೂ ನಮ್ಮವು.

ಮಾತುಕತೆ ಹೀಗೆ ಸಾಗುತ್ತದೆ. 1 ಕ್ಲಬ್ – 2 ಕ್ಲಬ್. ತೆರೆದವರು 2 ಡೈಮಂಡ್: ಡೈಮಂಡ್ ನನ್ನಲ್ಲಿ ಗಟ್ಟಿ. ಉತ್ತರಿಸುವವರು ಹಾರ್ಟ್ಸ್ ದಾಟಿ 2 ಸ್ಪೇಡ್: ಸ್ಪೇಡ್ ಇದೆ, ಹಾರ್ಟ್ಸ್ ಇಲ್ಲ. ತೆರೆದವರಲ್ಲೂ ಹಾರ್ಟ್ಸ್ ಇಲ್ಲ, ಹಾಗಾಗಿ ನೋಟ್ರಂಪ್ ಎನ್ನದೆ 3 ಕ್ಲಬ್. ಈಗ ಉತ್ತರಿಸುವವರಿಗೆ ಚಿತ್ರ ಪೂರ್ತಿ ಕಂಡಿತು. 14 ಇಟ್ಟುಕೊಂಡು 3ರಲ್ಲಿ ನಿಲ್ಲುವಂತಿಲ್ಲ, 5 ಕ್ಲಬ್. ಹಳೆಯ ಪದ್ಧತಿಯಲ್ಲಿ ಈ ಮಾತುಕತೆ ನಡೆಯಲು ಜಾಗವೇ ಇರುತ್ತಿರಲಿಲ್ಲ.

ನಮ್ಮ ಕಡೆ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಬೆಳೆದವರಿಗೆ ಇದು ಮೊದಲು ವಿಚಿತ್ರ ಎನಿಸುತ್ತದೆ. ಅಲ್ಲಿ ಕೂಗುವುದು ಬರೀ ಸಂಖ್ಯೆ. ತುರುಫನ್ನು ಮುಚ್ಚಿಡುತ್ತೇವೆ, ಜೊತೆಗಾರನ ಕೈ ಊಹಿಸುತ್ತೇವೆ. ಬ್ರಿಜ್‌ನಲ್ಲಿ ಕೂಗುವುದೇ ಮಾತು. 2 ಡೈಮಂಡ್ ಎಂದರೆ "ಡೈಮಂಡ್ ಆಡೋಣ" ಎಂದಲ್ಲ, "ಡೈಮಂಡ್ ಕಡೆ ಭಯ ಬೇಡ" ಎಂದು. ನನಗೂ ಇದು ಒಗ್ಗಲು ಒಂದು ಮಳೆಗಾಲವೇ ಹಿಡಿಯಿತು.

ಹಂತ 6: ಉತ್ತರಿಸುವವರು ಎಲ್ಲಿ ನಿಲ್ಲಬೇಕು

10–12 ಇದ್ದು ತೆರೆದವರು ಕನಿಷ್ಠ ತೋರಿಸಿದರೆ ಮರಳಿ ಇಳಿಯಿರಿ: 2 ನೋಟ್ರಂಪ್ ಅಥವಾ 3 ಮೈನರ್. 13 ದಾಟಿದ್ದರೆ ಗೇಮ್ ತನಕ ಹೋಗುವ ಹೊಣೆ ನಿಮ್ಮದು, ತೆರೆದವರದ್ದಲ್ಲ. ಅವರು 3 ಮೈನರ್ ಎಂದ ಮೇಲೂ ನೀವು ಹೊಸ ಬಣ್ಣ ಹೇಳಿದರೆ ಅದು ಗೇಮ್ ತನಕ ಫೋರ್ಸಿಂಗ್.

ಹಂತ 7: ಸ್ಲ್ಯಾಮ್ ವಾಸನೆ ಬಂದಾಗ

ತೆರೆದವರು:

♠ 5
♥ ಎಕ್ಕ ರಾಣಿ 4
♦ ಎಕ್ಕ ಗುಲಾಮ 7 6 3
♣ ರಾಜ ಗುಲಾಮ 8 2

ಉತ್ತರಿಸುವವರು:

♠ 8 7 4
♥ ರಾಜ 6 3
♦ ರಾಜ ರಾಣಿ 9 5 2
♣ ಎಕ್ಕ 5

15 ಮತ್ತು 12, ಕೂಡಿದರೆ 27. 3 ನೋಟ್ರಂಪ್ ಆಡಿದರೆ ಎದುರಾಳಿಗಳು ಒಂಬತ್ತು ಸ್ಪೇಡ್ ಹಿಡಿದು ಕೂತಿದ್ದಾರೆ, ಲೀಡ್ ಬಿದ್ದ ಕೂಡಲೇ ಮುಗಿಯಿತು. ಅದೇ ಎಲೆಗಳಲ್ಲಿ 6 ಡೈಮಂಡ್, ಅಂದರೆ ಹನ್ನೆರಡು ಟ್ರಿಕ್ಕಿನ ಸ್ಲ್ಯಾಮ್, ಬರುತ್ತದೆ. ಒಂದು ಸ್ಪೇಡ್ ಕೊಟ್ಟು ಉಳಿದೆರಡನ್ನು ತೆರೆದವರ ಕೈಯಲ್ಲಿ ತುರುಫು ಹಾಕಿ ಹೊಡೆದರೆ ಎರಡು, ಹಾರ್ಟ್ಸ್ ಮೂರು, ಕ್ಲಬ್ ಎಕ್ಕ–ರಾಜ ಎರಡು, ಉತ್ತರಿಸುವವರ ಐದು ಡೈಮಂಡ್. ಹನ್ನೆರಡು ಟ್ರಿಕ್.

ಇದನ್ನು ಕಂಡುಹಿಡಿಯುವುದು ಸ್ಪ್ಲಿಂಟರ್. 1 ಡೈಮಂಡ್ – 2 ಡೈಮಂಡ್ – 3 ಸ್ಪೇಡ್. ಉತ್ತರಿಸುವವರು ತಮ್ಮ ಸ್ಪೇಡ್ ನೋಡುತ್ತಾರೆ: ಮೂರು ಸಣ್ಣ ಎಲೆ, ಒಂದು ಪಾಯಿಂಟೂ ಅಲ್ಲಿ ಸತ್ತಿಲ್ಲ. ಇದ್ದ 12ಕ್ಕೆ 12ರೂ ಕೆಲಸಕ್ಕೆ ಬರುವ ಕಡೆ ಇವೆ. ಬದಲಿಗೆ ಅಲ್ಲಿ ರಾಜ, ರಾಣಿ, ಗುಲಾಮ ಇದ್ದಿದ್ದರೆ ಅವರು 3 ನೋಟ್ರಂಪ್ ಎಂದು ಮುಗಿಸಬೇಕಿತ್ತು.

ಇನ್ನು ಎಕ್ಕ ಕೇಳುವುದು. ಮೈನರ್ ತುರುಫಾದಾಗ 4 ನೋಟ್ರಂಪ್ ಕೇಳುವುದು ಅಪಾಯ. ಕ್ಲಬ್ ತುರುಫಾಗಿದ್ದು, ಪಾರ್ಟ್ನರ್ "ಎರಡು ಕೀಕಾರ್ಡ್ ಇದೆ, ತುರುಫು ರಾಣಿ ಇಲ್ಲ" ಎಂದು 5 ಹಾರ್ಟ್ಸ್ ಹೇಳಿದರೆ 5 ಕ್ಲಬ್ ಆಗಲೇ ಕೆಳಗುಳಿದಿದೆ. ಅದಕ್ಕೇ ಹಲವರು ಮೈನರ್‌ವುಡ್ ಆಡುತ್ತಾರೆ: ಒಪ್ಪಿದ ಮೈನರ್ ಅನ್ನು 4ರ ಮಟ್ಟದಲ್ಲಿ ಹೇಳಿದರೆ ಅದೇ ಕೀಕಾರ್ಡ್ ಪ್ರಶ್ನೆ. ನಾಲ್ಕು ಎಕ್ಕ ಮತ್ತು ತುರುಫು ರಾಜ ಸೇರಿ ಐದು ಕೀಕಾರ್ಡ್. ಉತ್ತರದ ಮೆಟ್ಟಿಲು: ಮೊದಲನೆಯದು ಒಂದು ಅಥವಾ ನಾಲ್ಕು, ಎರಡನೆಯದು ಸೊನ್ನೆ ಅಥವಾ ಮೂರು, ಮೂರನೆಯದು ಎರಡು ಇದ್ದು ತುರುಫು ರಾಣಿ ಇಲ್ಲ, ನಾಲ್ಕನೆಯದು ಎರಡು ಇದ್ದು ತುರುಫು ರಾಣಿಯೂ ಇದೆ. ಮೇಲಿನ ಕೈಯಲ್ಲಿ 3 ಸ್ಪೇಡ್‌ಗೆ 4 ಡೈಮಂಡ್ ಎಂದು ಕೇಳಿದರೆ ತೆರೆದವರ ಉತ್ತರ 4 ನೋಟ್ರಂಪ್, ಅಂದರೆ ಮೂರನೆಯ ಮೆಟ್ಟಿಲು. ಕೇಳಿದವರಲ್ಲಿ ಎರಡು ಕೀಕಾರ್ಡ್ ಮತ್ತು ಡೈಮಂಡ್ ರಾಣಿ ಇದೆ. ಒಟ್ಟು ನಾಲ್ಕು. ಇಲ್ಲದ್ದು ಸ್ಪೇಡ್ ಎಕ್ಕ, ಅದಕ್ಕೆ ಹೋಗುವುದು ಒಂದೇ ಟ್ರಿಕ್. 6 ಡೈಮಂಡ್.

ಮೈನರ್‌ವುಡ್ ಒಪ್ಪಿಕೊಂಡ ಮೇಲೆ 4 ಮೈನರ್ ಅನ್ನು ಬೇರೆ ಯಾವ ಅರ್ಥಕ್ಕೂ ಬಳಸುವಂತಿಲ್ಲ. ಇದನ್ನು ಅರೆಬರೆ ಒಪ್ಪಿಕೊಂಡ ಜೋಡಿ ಸ್ಲ್ಯಾಮ್ ಹುಡುಕುತ್ತಾ 4 ಡೈಮಂಡ್‌ನಲ್ಲೇ ಪಾಸ್ ಆಗಿದ್ದನ್ನು ನಾನು ಪಕ್ಕದ ಮೇಜಿನಲ್ಲಿ ಕಂಡಿದ್ದೇನೆ.

ಹಂತ 8: ಎದುರಾಳಿ ಬಾಯಿ ಹಾಕಿದರೆ

ಪಾರ್ಟ್ನರ್ 1 ಮೈನರ್ ಎಂದ ತಕ್ಷಣ ಬಲಗಡೆಯವರು ಏನಾದರೂ ಹೇಳಿದರೆ ಇನ್ವರ್ಟೆಡ್ ರದ್ದು. ಹೀಗೆ ಆಡುವುದೇ ಸುಲಭ, ಹೆಚ್ಚು ಜನ ಆಡುವುದೂ ಹೀಗೆಯೇ. ಕಾರಣ ಇದೆ: ಬಲದ ಕೈ ತೋರಿಸಲು ಈಗ ಬೇರೆ ಸಾಧನ ಸಿಕ್ಕಿತು.

ಅವರು 1 ಸ್ಪೇಡ್ ಎಂದರೆ, ಅವರ ಬಣ್ಣವನ್ನೇ ನೀವು 2 ಸ್ಪೇಡ್ ಎಂದು ಹೇಳುವುದು 10 ಅಥವಾ ಹೆಚ್ಚಿನ ಬಲದ ಎತ್ತುವಿಕೆ. ಸೀದಾ 2 ಮೈನರ್ ಎಂದರೆ ಹಳೆಯ ಅರ್ಥ, 6–9. 3 ಮೈನರ್ ಬಡ ಕೈಯ ನೆಗೆತವೇ. ಅವರು ಡಬಲ್ ಎಂದರೆ ಒಳ್ಳೆಯ ಎತ್ತುವಿಕೆಗೆ 2 ನೋಟ್ರಂಪ್, ಉಳಿದೆರಡು ಹಾಗೆಯೇ.

ನೀವು 2 ಮೈನರ್ ಹೇಳಿದ ಮೇಲೆ ಅವರು ನಡುವೆ ಬಂದರೆ? ಆಗ ನಾವಿಬ್ಬರೂ ಒಪ್ಪಿಕೊಂಡಿರುವುದು ಇಷ್ಟು: 2 ನೋಟ್ರಂಪ್ ಎಂದರೆ ಅವರ ಬಣ್ಣದಲ್ಲಿ ಸ್ಟಾಪರ್, ಡಬಲ್ ಎಂದರೆ ಪೆನಾಲ್ಟಿ, ಪಾಸ್ ಎಂದರೆ "ನೀವೇ ಹೇಳಿ". ಕೊಟ್ಟ ಮಾತು ಇನ್ನೂ ಮುಗಿದಿಲ್ಲ, ಅವರನ್ನು ಅಗ್ಗವಾಗಿ ಆಡಲು ಬಿಡುವಂತಿಲ್ಲ.

ಮೊದಲೇ ಪಾಸ್ ಹೇಳಿದವರು ಆಮೇಲೆ 2 ಮೈನರ್ ಎಂದರೆ? ಕೆಲವರು ಆಗಲೂ ಇನ್ವರ್ಟೆಡ್ ಇಟ್ಟುಕೊಳ್ಳುತ್ತಾರೆ, ಆದರೆ ಫೋರ್ಸಿಂಗ್ ಅಲ್ಲ. ಕೆಲವರು ಪೂರ್ತಿ ತೆಗೆದುಬಿಡುತ್ತಾರೆ. ಯಾವುದಾದರೂ ಸರಿ, ಒಂದನ್ನು ಆರಿಸಿ ಕಾರ್ಡಿನಲ್ಲಿ ಬರೆಯಿರಿ. ಟೂರ್ನಿಗೆ ಹೋದರೆ ಅಲ್ಲಿನ ನಿಯಮದಂತೆ ಅಲರ್ಟ್ ಮಾಡಿ, ಅಂದರೆ ಈ ಬಿಡ್ಡಿಗೆ ವಿಶೇಷ ಅರ್ಥವಿದೆ ಎಂದು ಎದುರಾಳಿಗಳಿಗೆ ತಿಳಿಸಿ. ಬ್ರಿಜ್ ಬೇಸ್ ಆನ್‌ಲೈನ್‌ನಲ್ಲಿ ನಿಮ್ಮ ಬಿಡ್ಡನ್ನು ನೀವೇ ಅಲರ್ಟ್ ಮಾಡಿ ಅರ್ಥ ಬರೆಯಬೇಕು.

ಕ್ರಿಸ್‌ಕ್ರಾಸ್ ಬೇಕೇ?

2 ಮೈನರ್‌ನಲ್ಲಿ 10ರ ಕೈಯೂ 18ರ ಕೈಯೂ ಸೇರಿರುವುದು ಕೆಲವರಿಗೆ ಕಿರಿಕಿರಿ. ಅವರು 10–12ರ ಕೈಗೆ ಬೇರೆ ಬಿಡ್ ಇಡುತ್ತಾರೆ: 1 ಕ್ಲಬ್‌ಗೆ 2 ಡೈಮಂಡ್, 1 ಡೈಮಂಡ್‌ಗೆ 3 ಕ್ಲಬ್. ಇದೇ ಕ್ರಿಸ್‌ಕ್ರಾಸ್. ಆಗ 2 ಮೈನರ್ ಗೇಮ್ ತನಕ ಫೋರ್ಸಿಂಗ್ ಆಗಿ ಸ್ಲ್ಯಾಮ್ ಹುಡುಕಾಟ ಹಗುರಾಗುತ್ತದೆ. ಅದರ ಬೆಲೆಯೂ ಇದೆ: 1 ಡೈಮಂಡ್‌ಗೆ 3 ಕ್ಲಬ್ ಎಂದಾಗ ಸ್ಟಾಪರ್ ಹೇಳಲು ಜಾಗ ಮತ್ತೆ ಕರಗುತ್ತದೆ. ಮೊದಲ ವರ್ಷ ಇದರ ತಂಟೆಗೆ ಹೋಗಬೇಡಿ ಎಂದೇ ನನ್ನ ಸಲಹೆ.

ಮನೆಯಲ್ಲಿ ಅಭ್ಯಾಸ

ಇಂಥ ಕೈಗಳು ಸಾಮಾನ್ಯ ಆಟದಲ್ಲಿ ಸಂಜೆಗೆ ಒಂದೋ ಎರಡೋ ಬರುತ್ತವೆ, ಹಾಗಾಗಿ ಕಲಿತದ್ದು ಕೈಗೆ ಹತ್ತುವುದಿಲ್ಲ. ನಾನೂ ಮೇಷ್ಟ್ರೂ ಆ 130ರ ಸಂಜೆಯ ನಂತರ ಹಿಡಿದ ದಾರಿ ಇದು. ಒಂದು ಕಟ್ಟು ಎಲೆ ತೆಗೆದುಕೊಳ್ಳಿ. ಹದಿಮೂರು ಕ್ಲಬ್‌ಗಳನ್ನು ಬೇರೆ ಮಾಡಿ, ಮುಖ ಕೆಳಗಾಗಿ ಕಲೆಸಿ, ನಾಲ್ಕನ್ನು ತೆರೆಯುವವರಿಗೆ, ಐದನ್ನು ಉತ್ತರಿಸುವವರಿಗೆ ಕೊಡಿ. ಮಿಕ್ಕ ನಾಲ್ಕನ್ನು ಉಳಿದ ಎಲೆಗಳಿಗೆ ಸೇರಿಸಿದರೆ 43 ಆಗುತ್ತದೆ. ಚೆನ್ನಾಗಿ ಕಲೆಸಿ ತೆರೆಯುವವರಿಗೆ ಒಂಬತ್ತು, ಉತ್ತರಿಸುವವರಿಗೆ ಎಂಟು ಹಾಕಿ. ಮಿಕ್ಕ 26 ಪಕ್ಕಕ್ಕಿರಲಿ. ತೆರೆಯುವವರಲ್ಲಿ 12 ಪಾಯಿಂಟ್ ಇಲ್ಲದಿದ್ದರೆ, ಕ್ಲಬ್ ಬಿಟ್ಟು ಬೇರೆ ತೆರೆಯಬೇಕಾದ ಕೈಯಾಗಿದ್ದರೆ, ಅಥವಾ ಉತ್ತರಿಸುವವರಲ್ಲಿ ನಾಲ್ಕೆಲೆ ಮೇಜರ್ ಬಂದರೆ ಮತ್ತೆ ಹಂಚಿ.

ಬಾಯಲ್ಲಿ ಹೇಳಬೇಡಿ. ನಡುವೆ ಒಂದು ಕಾಗದ ಇಟ್ಟುಕೊಂಡು ಒಬ್ಬರಾದ ಮೇಲೆ ಒಬ್ಬರು ಬಿಡ್ ಬರೆಯಿರಿ. ಪ್ರತಿ ಬಿಡ್ಡಿನ ನಂತರ, ಎದುರಿನವರ ಕೈಯಲ್ಲಿ ಏನಿದೆ ಎಂದು ನಿಮಗೆ ಅರ್ಥವಾಯಿತೋ ಅದನ್ನು ನಿಮ್ಮ ಹಾಳೆಯಲ್ಲಿ ಬೇರೆಯಾಗಿ ಗುರುತು ಮಾಡಿಕೊಳ್ಳಿ. ಬಿಡ್ಡಿಂಗ್ ಮುಗಿದ ಮೇಲೆ ಎರಡೂ ಕೈ ಮೇಜಿನ ಮೇಲೆ ಬಿಚ್ಚಿ, ಎರಡೂ ಹಾಳೆ ಪಕ್ಕದಲ್ಲಿಟ್ಟು, ಎಲ್ಲಿ ಇಬ್ಬರ ಅರ್ಥ ಬೇರೆಯಾಯಿತೋ ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಮುಂದಿನ ಕೈ ಹಂಚುವ ಮೊದಲು ಆ ಗೆರೆಯ ಬಗ್ಗೆ ಮಾತಾಡಿ.